ಉಣ್ಣದೆ ಹೋದವರು

ಮುಯ್ಯಿಯ ಲಕೋಟೆಯನ್ನು ಮೇಜಿನ ಮೇಲಿಟ್ಟ ಛಾಂಗ್‌ಸು, ಹಾರಿಮ್ ನೀಡಿದ ಊಟದ ಚೀಟಿಯನ್ನು ಎರಡೂ ಕೈಯಿಂದ ಹಿಂದಿರುಗಿಸಿದರು. ಕೊರಿಯಾದ ಸೋಲ್ ನಗರದ ಆ ಮದುವೆ ಮಂಟಪದ ಬಾಗಿಲಲ್ಲಿ ಗಂಡಿನ ಕಡೆಯ ಮುಯ್ಯಿ ಪಡೆಯಲು ಕೂತಿದ್ದ ಹಾರಿಮ್, ವರನ ಚಿಕ್ಕಪ್ಪನ ಮಗಳು.

"ಬೇಡಮ್ಮ, ಹೊಟ್ಟೆ ಸರಿಯಿಲ್ಲ."

"ನಿಮಗೂನಾ ದೊಡ್ಡಪ್ಪ? ಬೆಳಗ್ಗಿಂದ ನಿಮ್ಮ ವಯಸ್ಸಿನೋರದ್ದೆಲ್ಲ ಹೊಟ್ಟೆ ಕೆಟ್ಟಿದೆ!"

ಲೆಕ್ಕ ಇಬ್ಬರಿಗೂ ಗೊತ್ತಿತ್ತು. ಬಂದು ಉಂಡರೆ ಮುಯ್ಯಿ ಒಂದು ಲಕ್ಷ ವೋನ್, ಉಣ್ಣದಿದ್ದರೆ ಐವತ್ತು ಸಾವಿರ. ಈ ಮಂಟಪದಲ್ಲಿ ಒಂದು ಊಟಕ್ಕೇ ಎಂಬತ್ತೆರಡು ಸಾವಿರ. ಛಾಂಗ್‌ಸು ಅವರ ಲಕೋಟೆಯಲ್ಲಿದ್ದದ್ದು ಐವತ್ತು ಸಾವಿರದ ಒಂದೇ ನೋಟು. ಪಿಂಚಣಿ ಅಷ್ಟಕ್ಕೇ ಒಪ್ಪಿತ್ತು. ಹಳೆಯ ಗೆಳೆಯನಿಗೆ ನಷ್ಟ ಮಾಡಿ ಉಣ್ಣಲು ಅವರಿಗೆ ಮನಸ್ಸಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಮದುವೆ ನೋಡಿ, ಚಪ್ಪಾಳೆ ತಟ್ಟಿ, ಸದ್ದಿಲ್ಲದೆ ಲಿಫ್ಟಿನ ಬಳಿ ಬಂದರು.

"ಲೇ ಕಳ್ಳ, ಎಲ್ಲಿಗೋ?" ವರನ ತಂದೆ ಇನ್‌ಗ್ಯು ಓಡಿಬಂದು ತೋಳು ಹಿಡಿದರು.

"ಹೊಟ್ಟೆ..."

"ನಿನ್ನ ಹೊಟ್ಟೆ ನಂಗೊತ್ತಿಲ್ವ? ನಿನ್ನ ಮಗಳ ಮದುವೇಲಿ ಮೂವತ್ತು ಸಾವಿರ ಮುಯ್ಯಿ ಹಾಕಿ, ಎರಡು ಬಟ್ಟಲು ಎಲುಬಿನ ಸಾರು ಕುಡಿದೋನು ನಾನು. ನಂಗೆ ನಾಚಿಕೆ ಆಯ್ತಾ?"

"ಆಗ ಊಟ ಹದಿನೈದು ಸಾವಿರ ಕಣೋ. ನಿನ್ನಿಂದ ನಂಗೆ ಲಾಭವೇ ಆಗಿತ್ತು. ಈಗ ನಾನು ಉಣ್ಣೋಕೆ ಕೂತ್ರೆ ನಷ್ಟ ನಿನ್ನ ಮೈಮೇಲೆ ಬರುತ್ತೆ. ಬಿಡು."

ಇನ್‌ಗ್ಯು ಬಿಡಲಿಲ್ಲ. ಕೆಳಮಹಡಿಗೆ ಎಳೆದೊಯ್ದು ಭೋಜನಶಾಲೆಯ ಬಾಗಿಲು ತಳ್ಳಿದರು. ಉದ್ದಕ್ಕೂ ಮೇಜುಗಳು. ಅರ್ಧಕ್ಕಿಂತ ಹೆಚ್ಚು ಖಾಲಿ.

"ನೋಡು. ಮಗನ ಆಫೀಸಿನ ಹುಡುಗ್ರು ಫೋನಲ್ಲೇ ಐವತ್ತು ಸಾವಿರ ಕಳಿಸಿ ಮನೇಲಿ ಉಳಿದ್ರು. ತಿಂಗಳಿಗೆ ನಾಲ್ಕು ಮದುವೆ ಬಂದ್ರೆ ಅವರಾದ್ರೂ ಏನು ಮಾಡ್ತಾರೆ, ಪಾಪ. ಅವರ ಸಾಹೇಬ್ರು ಮೂರು ಲಕ್ಷ ಕೊಟ್ಟು, ಇನ್ನೊಂದು ಮದುವೆ ಇದೆ ಅಂತ ಹೊರಟ್ರು. ಉಳಿದಂತೆ ನಿಮಗೆಲ್ಲ ಹೊಟ್ಟೆ ನೋವು."

"ಒಳ್ಳೇದೇ ಆಯ್ತಲ್ಲ. ನಿಂಗೆ ಉಳೀತು."

"ಏನು ಮಣ್ಣು ಉಳೀತು? ಇನ್ನೂರೈವತ್ತು ಊಟಕ್ಕೆ ದುಡ್ಡು ಕೊಡ್ತೀನಿ ಅಂತ ಮಂಟಪದೋರು ಮೊದ್ಲೇ ಬರೆಸಿಕೊಂಡಿದ್ದಾರೆ. ಉಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಛಾಂಗ್‌ಸು ಕುರ್ಚಿ ಎಳೆದು ಕೂತರು. ಅವರ ಮುಂದೆ ಬಿಸಿ ಸಾರು ಬಂತು. ಅವರು ಮೊದಲ ಚಮಚ ಎತ್ತುವ ಹೊತ್ತಿಗೆ, ಮುಂದಿನ ಮದುವೆಗೆ ಸಿದ್ಧಮಾಡಲು ಬಂದ ಹೆಂಗಸರಿಬ್ಬರು ಪಕ್ಕದ ಸಾಲಿನ ಮೇಜುಬಟ್ಟೆಗಳನ್ನು ಬದಲಿಸಲು ಎತ್ತಿ ನೋಡಿ, ಹಾಗೆಯೇ ಮತ್ತೆ ಹಾಸಿದರು. ಒಂದರ ಮೇಲೂ ಕಲೆಯಿರಲಿಲ್ಲ.