ಬುಟ್ಟಿಯಲ್ಲಿ ಕೂತವರು

ಚನ್ನಗಿರಿಯ ರುದ್ರಾಣಿ ಗಂಡನ ಹೆಣವನ್ನು ಮಲಗಿಸಲು ಯಾರಿಗೂ ಬಿಡಲಿಲ್ಲ. ನೇಪಾಳದ ಬೆಟ್ಟದ ಛತ್ರವೊಂದರಲ್ಲಿ ಬೆಳಗಿನ ಚಹಾ ಕುಡಿಯುತ್ತಲೇ ತೀರಿಕೊಂಡ ಮುರುಗೇಶಪ್ಪನನ್ನು ಚಕ್ಕಳಮಕ್ಕಳ ಕೂರಿಸಿ, ಗೋಡೆಗೆ ಒರಗಿಸಿ, ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು ಪಂಚೆಯಿಂದ ಬಿಗಿದಿದ್ದಳು.

"ಇಲ್ಲಿ ಬರೇ ಬಂಡೆ ಐತಕ್ಕ, ಗುಂಡಿ ತೋಡಾಕೆ ಆಗಲ್ಲ. ಸುಡಾನ ಅಂತಾರೆ ಛತ್ರದೋರು," ಎಂದರು ಜೊತೆಗೆ ಯಾತ್ರೆಗೆ ಬಂದಿದ್ದ ಹೊನ್ನಾಳಿಯ ಮೇಷ್ಟ್ರು.

"ನಮ್ಮೋರನ್ನ ಸುಡಾದುಂಟೇನ್ರೀ? ಕೂರಿಸಿ ಒಯ್ದು, ಕೂರಿಸೇ ಮಣ್ಣು ಮಾಡ್ಬೇಕು. ಕೆಳಗೆ ಹೊಳೆ ದಂಡೇಲಿ ಮಣ್ಣೈತಲ್ಲ."

"ಅಷ್ಟು ದೂರ ಕೂರಿಸಿ ಹೊರೋರು ಯಾರಕ್ಕ?"

ಅವರ ಗಂಟುಮೂಟೆ ಹೊರುತ್ತಿದ್ದ ಕೂಲಿಯವನು ಬಾಗಿಲಲ್ಲಿ ನಿಂತಿದ್ದ. ಮೊನ್ನೆ ದಾರಿಯಲ್ಲಿ ಅಂಥವನೊಬ್ಬ ಬೆನ್ನಿನ ಬುಟ್ಟಿಯಲ್ಲಿ ಮುದುಕಿಯನ್ನು ಕೂರಿಸಿಕೊಂಡು ಹೋಗುವುದನ್ನು ಕಂಡು, "ಮನುಷ್ಯರನ್ನ ಮೂಟೆ ಹೊತ್ತಂಗೆ ಹೊರ್ತಾರಲ್ರೀ, ಎಂಥ ದೇಶ ಇದು!" ಎಂದು ರುದ್ರಾಣಿ ಗಂಡನ ಮುಂದೆ ಮುಖ ಸಿಂಡರಿಸಿದ್ದಳು.

ಕೂಲಿಯವನು ಹೆಣ ಕೂತಿದ್ದ ರೀತಿಯನ್ನು ನೋಡಿದ. ತನ್ನ ಬೆನ್ನಿನ ಬುಟ್ಟಿಯಲ್ಲಿದ್ದ ಸಾಮಾನನ್ನೆಲ್ಲ ನೆಲಕ್ಕಿಳಿಸಿ, ಮುರುಗೇಶಪ್ಪನನ್ನು ಅದರಲ್ಲಿ ಕೂರಿಸಿ, ಬುಟ್ಟಿ ಹೊರುವ ಪಟ್ಟಿಯನ್ನು ಹಣೆಗೆ ಬಿಗಿದುಕೊಂಡು ಎದ್ದ.

ಬುಟ್ಟಿಯಲ್ಲಿ ಕೂತವರ ಮುಖ ಹಿಂದಕ್ಕಿರುತ್ತದೆ. ಹೊಳೆ ಸಿಗುವವರೆಗೂ ರುದ್ರಾಣಿ ಗಂಡನ ಮುಖ ನೋಡುತ್ತಲೇ ಬೆಟ್ಟ ಇಳಿಯಬೇಕಾಯಿತು.