ಹೇರಳೆ ಎಲೆಯ ಘಮ

ಅಪರ್ಣ ಸೂಪಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದಳು. ಬಿಸಿ ಹಬೆ ತಾಗಿತು, ವಾಸನೆ ಬರಲಿಲ್ಲ. ಹೋದ ವರ್ಷದ ಜ್ವರ ಬಿಟ್ಟ ಮೇಲೆ ಅವಳಿಗೆ ಯಾವುದರ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದಕ್ಕೆ ಮುಂಚೆ ತುಮಕೂರಿನಲ್ಲಿ ಹೊಸದೊಂದು ಚೈನೀಸೋ ಟಿಬೆಟನ್ನೋ ಹೋಟೆಲು ತೆರೆದರೆ ಸಾಕು, ಗಂಡ ವಾದಿರಾಜನನ್ನು ಎಳೆದುಕೊಂಡು ಹೋಗಿ ಒಂದೊಂದು ತಿನಿಸಿಗೂ ತೀರ್ಪು ಕೊಡುತ್ತಿದ್ದವಳು ಅವಳೇ. ಇವತ್ತು ಶಿರಾ ಗೇಟಿನ ಈ ಥಾಯ್ ಹೋಟೆಲಿಗೆ ಅವನೇ ಹಟ ಹಿಡಿದು ಕರೆತಂದಿದ್ದ.

"ನೀವೇ ಹೇಳ್ರೀ, ಹೆಂಗಿದೆ?" ಎಂದು ಬಟ್ಟಲನ್ನು ಅವನತ್ತ ತಳ್ಳಿದಳು.

"ಚೆನ್ನಾಗಿದೆ ಕಣೇ." ಯಾವ ಹೋಟೆಲಿನಲ್ಲೂ ಅದಕ್ಕಿಂತ ಹೆಚ್ಚು ಹೇಳಿದವನಲ್ಲ ಅವನು.

"ಚೆನ್ನಾಗಿದೆ ಅಂದ್ರೆ?" ಅವಳು ಬಿಡಲಿಲ್ಲ.

ವಾದಿರಾಜ ಇನ್ನೊಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಮೊದ್ಲು ಹುಳಿ ಬರುತ್ತೆ. ಅದರ ಜೊತೆಗೇ ಒಂದು ಎಲೆ ವಾಸನೆ. ಗೂಳೂರಲ್ಲಿ ನಿಮ್ಮಜ್ಜಿ ಮಜ್ಜಿಗೆಗೆ ಹೇರಳೆ ಎಲೆ ಕಿವುಚಿ ಹಾಕೋರಲ್ಲ, ಅದೇ ಘಮ. ಹಿಂದೇನೇ ಹಸಿ ಶುಂಠಿ. ಖಾರ ಕಿವಿವರೆಗೂ ಹತ್ತುತ್ತೆ, ಅಷ್ಟೊತ್ತಿಗೆ ತೆಂಗಿನಹಾಲು ಬಂದು ಸಮಾಧಾನ ಮಾಡುತ್ತೆ."

ಅಪರ್ಣಳ ಬಾಯಲ್ಲಿ ನೀರೂರಿತು. ಎಷ್ಟೋ ತಿಂಗಳಿಂದ ಊಟವೆಂದರೆ ಬರೀ ಅಗಿಯುವ ಕೆಲಸವಾಗಿತ್ತು ಅವಳಿಗೆ. ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು.

"ಇನ್ನೊಂದು ಚಮಚ ಕುಡೀರಿ," ಎಂದಳು. "ನಿಧಾನಕ್ಕೆ ಹೇಳಿ."