ಹಾರ್ಮೋನಿ ಬಂದ್

ಅಡುಗೆಮನೆಯ ಗೂಡಿನಲ್ಲಿ ಚಹಾಪುಡಿ ಹುಡುಕುತ್ತಿದ್ದ ಯಶೋಧಾಳ ಕೈಗೆ ಸಿಕ್ಕಿದ್ದು ತಾನೇ ತಂದುಕೊಟ್ಟಿದ್ದ ಗುಳಿಗೆಯ ಪಟ್ಟಿಗಳು. ಕಳೆದ ನಾಲ್ಕು ತಿಂಗಳಿನವು. ಒಂದನ್ನೂ ಒಡೆದಿರಲಿಲ್ಲ.

“ಯವ್ವಾ, ಇವನ್ಯಾಕ ತಗೊಂಡಿಲ್ಲ?”

ರಾಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ತಗೊಂಡ್ರ ಮೈಯೆಲ್ಲಾ ಧಗಧಗ ಉರೀತೈತಿ. ಡಾಕ್ಟರ್ ಹೇಳಿದ ದೊಡ್ಡ ಪಥ್ಯಾನ ಮಾಡಾಕತ್ತೇವಲ್ಲ. ಇನ್ನ ಗುಳಗಿ ಯಾತಕ್ಕ?”

“ಯಾವ ಪಥ್ಯ?”

“ನಿಮ್ಮಪ್ಪ ಹಾರ್ಮೋನಿ ಬಂದ್ ಮಾಡಿ ವರ್ಷ ಆತು. ಯಾಕಂತ ಓಣಿಗೆಲ್ಲಾ ಗೊತ್ತೈತಿ.”

ಯಶೋಧಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ವರ್ಷದ ಹಿಂದೆ ಅವ್ವನ ಒಂದು ಮೊಲೆಯನ್ನು ಗಂಟಿನ ಸಮೇತ ತೆಗೆದ ಡಾಕ್ಟರು ಅಪ್ಪನನ್ನು ಕರೆದು ಹೇಳಿದ್ದರಂತೆ: ಇದು ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರು, ಐದು ವರ್ಷ ಹಾರ್ಮೋನ್ ಬಂದ್ ಮಾಡಬೇಕು. ಅಪ್ಪ ಗುರಣ್ಣ ಮೂವತ್ತು ವರ್ಷದಿಂದ ಕನ್ನೊಳ್ಳಿಯ ಭಜನಾ ಮೇಳಕ್ಕೆ ಹಾರ್ಮೋನಿಯಂ ಬಾರಿಸುವವ. ಊರವರ ಬಾಯಲ್ಲಿ ಅದು ಬರೀ ಹಾರ್ಮೋನಿ.

ಆಕೆ ದಡದಡನೆ ಹೊರಗೆ ಬಂದಳು. ಗುರಣ್ಣ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ.

“ಅಪ್ಪಾ, ಬಾರ್ಸೂದು ಬಿಟ್ಟಿದ್ದು ಇದಕ್ಕೇನು? ನನ್ನ ಮುಂದ ಬೆರಳು ನೋಯ್ತಾವ ಅಂದಿದ್ದಿ.”

“ಮತ್ತೇನಂತ ಹೇಳ್ಲಿ? ದಿನಾ ಸಂಜಿಕ ಆಕಿ ಕಿವಿ ಮುಂದ ಕುಂತು ಬಾರ್ಸಿದಾಂವ ನಾನ. ಆ ಗಂಟು ನಾನ ಬೆಳಸಿದಂಗಾತಲ್ಲ.”

ಯಶೋಧಾಗೆ ಅಳುವೂ ಬಂತು, ಸಿಟ್ಟೂ ಬಂತು, ಸಿಟ್ಟೇ ಮುಂದಾಯಿತು. ಸಿಂದಗಿಯ ಶಾಲೆಯಲ್ಲಿ ಮಂದಿಯ ಮಕ್ಕಳಿಗೆ ಪ್ರತಿ ವರ್ಷ ಗ್ರಂಥಿಗಳ ಪಾಠ ಹೇಳುವ ತಾನು ಹಡೆದವರಿಗೆ ಇಷ್ಟನ್ನು ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಸಿಟ್ಟು ತನ್ನ ಮೇಲೂ ಬಂತು.

“ಹಾರ್ಮೋನ್ ಅಂದ್ರ ಬಾರ್ಸೂದಲ್ಲಪ್ಪ. ಮೈಯಾಗ ತಾನ ಹುಟ್ಟೂ ರಸ ಅದು. ಅವ್ವಗ ಬಂದ ಗಂಟು ಆ ರಸಾ ಉಂಡು ಬೆಳಿಯೂ ಜಾತಿದು. ಕೊಯ್ದು ತಗದ್ರೂ ಎಲ್ಲೆರ ಒಂದು ಚೂರು ಉಳಿದಿದ್ರ, ಅದಕ್ಕ ಕೂಳು ಸಿಗದಂಗ ಬಾಗಲಾ ಹಾಕೂದು ಈ ಗುಳಗಿ. ಬಿಟ್ರ ಮತ್ತ ಬರಬಹುದು. ಉರಿ ಆದ್ರ ಡಾಕ್ಟರಿಗೆ ಹೇಳಬೇಕು, ಗೂಡಿನ್ಯಾಗ ಬಚ್ಚಿಡೂದಲ್ಲ.”

ಬಾಗಿಲಲ್ಲಿ ನಿಂತಿದ್ದ ರಾಮವ್ವನ ಹಿಟ್ಟಿನ ಕೈ ಎದೆಯ ಖಾಲಿ ಮಗ್ಗುಲಿಗೆ ಹೋಯಿತು. “ಮತ್ತ ಬರ್ತೈತೇನು?”

ಯಶೋಧಾ ಅಲ್ಲಿಯೇ ಡಾಕ್ಟರಿಗೆ ಫೋನು ಹಚ್ಚಿ, ಬೇಕಾದಷ್ಟು ಬೈಸಿಕೊಂಡಳು. ಇವತ್ತೇ ಶುರು ಮಾಡಿ, ಸೋಮವಾರ ಕರೆದುಕೊಂಡು ಬನ್ನಿ, ಉರಿಗೂ ಏನಾದರೂ ಮಾಡೋಣ ಎಂದರು ಅವರು.

ರಾಮವ್ವ ಗುಳಿಗೆ ನುಂಗಿ ನೀರು ಕುಡಿದಳು. ಆಮೇಲೆ ಗಂಡನನ್ನು ದುರುಗುಟ್ಟಿ ನೋಡಿದಳು.

“ವರ್ಷಪೂರ್ತಿ ಮನಿ ಮೂಕ ಮಾಡಿ ಕುಂತಿ. ತಗಿ ಅದನ್ನ ಹೊರಗ.”

ಗುರಣ್ಣ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಗಾಳಿ ಹಾಕಿದ. ಗಂಟಲು ಕಟ್ಟಿದವರ ಹಾಗೆ ಅದು ಎರಡು ಸಲ ಗೊರಗೊರ ಎಂದು ಕೊನೆಗೆ ಸ್ವರ ಹಿಡಿಯಿತು. ರಾಮವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಎದುರು ಮನೆಯ ಶೆಟ್ಟೆವ್ವ ಗಾಬರಿಯಿಂದ ಅಂಗಳಕ್ಕೆ ಓಡಿಬಂದು, ಆಡುತ್ತಿದ್ದ ಮೊಮ್ಮಗಳ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿ ಹಿಡಿದಳು.

“ಏ ಗುರಣ್ಣ, ಬುದ್ಧಿ ಐತೇನು ನಿನಗ? ಓಣ್ಯಾಗ ಹೆಣ್ಣುಮಕ್ಕಳದಾರ.”

ಅವಳ ಹಿಂದೆಯೇ ಓಣಿಯ ಉದ್ದಕ್ಕೂ ಒಂದೊಂದೇ ಕಿಟಕಿ ಮುಚ್ಚಿಕೊಳ್ಳತೊಡಗಿತು.